ಬಾಗಿಲಿಗೆ ಅಡ್ಡವಾದ ಸ್ಟೂಲು

ಬಸವರಾಜು ರೆಗ್ಯುಲೇಟರನ್ನು ಕಿತ್ತು, ಕೊಬ್ಬರಿಗಿಟ್ಟ ಕಾಯಿಯಲ್ಲಿ ನೀರು ಉಳಿದಿದೆಯೇ ಎಂದು ನೋಡುವವನ ಹಾಗೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ.

“ಇದ್ರಲ್ಲೇನೂ ಇಲ್ಲ ಕಣೋ ಮೃತ್ಯುಂಜಯ. ಸಿಲಿಂಡರೇ ಖಾಲಿ.”

“ಮೊನ್ನೆ ತಾನೆ ಹೊಸದು ಹಾಕಿದ್ದು. ಚಿಕ್ಕಪ್ಪನೇ ಹಾಕಿದ್ರು.”

ಮೃತ್ಯುಂಜಯನ ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಚಿಕ್ಕಪ್ಪ ಸಿದ್ದಬಸಪ್ಪನನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ಮಿಂದು, ಎಲ್ಲರೂ ಆಗಷ್ಟೇ ಒಳಗೆ ಬಂದಿದ್ದರು. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಎದ್ದಿರಲಿಲ್ಲ.

ಮೃತ್ಯುಂಜಯನ ತಾಯಿ ಜಗದಾಂಬ ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ನಿಂತೇ ಇದ್ದಳು. ಮಣ್ಣು ಮುಗಿಸಿ ಬಂದ ಮೇಲೆ ಮನೆಯ ಹಿರಿಯ ಹೆಂಗಸು ಒಲೆ ಹಚ್ಚಿ ಹಾಲು ಕಾಯಿಸಬೇಕು, ಅದನ್ನು ಕುಡಿದೇ ಬಂದವರು ಏಳಬೇಕು. ಆ ಮನೆಯಲ್ಲಿ ನಡೆದುಬಂದದ್ದು ಹಾಗೆ. ಬೆಳಗ್ಗಿನಿಂದ ಪಕ್ಕದ ಮನೆ ಸರೋಜಮ್ಮ ಯಾರೂ ಕೇಳದೆಯೇ ಕಾಫಿ ತಂದುಕೊಟ್ಟು, ಲೋಟಗಳನ್ನೂ ತಾನೇ ತೊಳೆದಿಟ್ಟು ಹೋಗಿದ್ದಳು. ಈಗ ಮಾತ್ರ ಅವಳೂ ಏನೂ ಮಾಡುವಂತಿರಲಿಲ್ಲ. ಮಣ್ಣಿಗೆ ಬಂದಿದ್ದ ಮಾರನಹಳ್ಳಿಯವರು ಕೆ. ಹೊಸಕೋಟೆಗೆ ನಡೆದು ಆಲೂರಿನ ಬಸ್ಸು ಹಿಡಿಯಬೇಕಿತ್ತು. ಅವರು ಒಬ್ಬೊಬ್ಬರೇ ಅಂಗಳಕ್ಕಿಳಿದು ಹೊತ್ತು ನೋಡಿ ಬರುತ್ತಿದ್ದರು.

ಸಿಲಿಂಡರು ಇದ್ದದ್ದು ಗೋಡೆಯಾಚೆಯ ಉಗ್ರಾಣದಲ್ಲಿ. ಟ್ಯೂಬು ಗೋಡೆಯ ತೂತಿನಿಂದ ಒಲೆಗೆ ಬರುತ್ತಿತ್ತು. ಬಸವರಾಜು ಕಡ್ಡಿಯೊಂದನ್ನು ಹುಡುಕಿದ.

“ಬೀಡಿ ಹೊರಗಿಟ್ಟು ಬಾ ದೇವೀರಪ್ಪಣ್ಣ. ಇಲ್ದಿದ್ರೆ ನಿನ್ನೂ ಸಿದ್ದಬಸಪ್ಪಣ್ಣನ ಜೊತೆಗೇ ಕಳಿಸ್ಬೇಕಾಯ್ತದೆ.”

“ಕಳ್ಸು ಮಾರಾಯ,” ಎಂದ ಮುದುಕ ದೇವೀರಪ್ಪ. “ಅವನಿಗೂ ಮಾತಿಗೊಬ್ಬ ಆದಂಗಾಯ್ತದೆ. ಎಸ್ಟೇಟ್ ಸ್ಟೋರಿನಲ್ಲಿ ರೈಟರಾಗಿದ್ದಷ್ಟು ವರ್ಷವೂ ಮೂಟೆಗಳ ಜೊತೆಗೇ ಇದ್ದೋನು, ಪಾಪ.”

ಬಸವರಾಜು ಸಿಲಿಂಡರಿನ ಬಾಯನ್ನು ಕಡ್ಡಿಯಿಂದ ಒತ್ತಿದ. ಬುಸ್ಸೆಂದಿತು. ಎಲ್ಲರೂ ಮೂಗು ಮುಚ್ಚಿಕೊಂಡರು.

“ಗ್ಯಾಸು ಐತೆ. ಹಂಗಾದ್ರೆ ವಾಷರ್ರು.”

ವಾಷರು ಬದಲಾಯಿತು. ಸರೋಜಮ್ಮನ ಮನೆಯ ರೆಗ್ಯುಲೇಟರೂ ಬಂತು. ಬರ್ನರಿನ ತೂತುಗಳಿಗೆ ಪಿನ್ನು ಚುಚ್ಚಿದ್ದೂ ಆಯಿತು. ಜಗದಾಂಬ ಕಡ್ಡಿ ಗೀರಿದಳು, ಕಡ್ಡಿ ಉರಿದು ಬೆರಳಿಗೆ ಬಂತು, ಒಲೆ ಹತ್ತಲಿಲ್ಲ.

“ಅವ್ವ, ನೀನೇನಾದ್ರೂ ಮುಟ್ಟಿದ್ಯಾ?”

“ಇಲ್ಲಪ್ಪ.”

“ಇನ್ನು ನೋಡ್ಕೊಳ್ಳೋರು ಯಾರೂ ಇಲ್ಲ. ನಾಳೆಯಿಂದ ಒಲೆ ಪುಷ್ಪಾ ಕೈಲೇ ಇರ್ಲಿ.”

ಮೃತ್ಯುಂಜಯ ಗದರಿ ಹೇಳಲಿಲ್ಲ. ಅದೇ ಜಗದಾಂಬಳಿಗೆ ಹೆಚ್ಚು ಹೆದರಿಕೆ ತಂದಿತು. ಹಾಲಿನ ಪಾತ್ರೆಯನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು.

*

ಹಿಂದಿನ ವರ್ಷ ಮೆಣಸು ಒಣಹಾಕಿದ್ದ ಮಧ್ಯಾಹ್ನ ಹಾಲು ಉಕ್ಕಿ ಒಲೆ ಆರಿತ್ತು. ಜಗದಾಂಬ ಅಂಗಳದಲ್ಲಿ ಮೆಣಸು ಕೆದಕಿ, ಒಳಗೆ ಬಂದು, ಅದೇ ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಟೈಫಾಯ್ಡಿನಲ್ಲಿ ಹೋದ ವಾಸನೆ ಅವಳ ಮೂಗಿಗೆ ತಿರುಗಿ ಬಂದಿರಲಿಲ್ಲ. ಸಿದ್ದಬಸಪ್ಪ ಓಡಿಬಂದು ಕಿಟಕಿ ತೆರೆದ ಮೇಲೆಯೇ ಗ್ಯಾಸು ತುಂಬಿದ್ದು ಅವಳಿಗೆ ಗೊತ್ತಾದದ್ದು.

“ಅವ್ವ ಇನ್ನು ಒಲೆ ಹತ್ರ ಹೋಗ್ಕೂಡ್ದು,” ಎಂದ ಮೃತ್ಯುಂಜಯ.

ಆ ಸಂಜೆ ಅವಳು ಜಗುಲಿಯಲ್ಲಿ ಕೂತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು, ಸೆರಗಿನೊಳಗೆ ಸೇರಿಸಿದಳು, ಹೊರಗೆ ತೆಗೆದಳು. ಮಾತೇ ಕಡಿಮೆಯ ಮೈದುನ ಊಟ ಮುಗಿಸಿ ಕೈ ತೊಳೆಯುತ್ತ ಹೇಳಿದ: “ಅತ್ತಿಗೆ ಮಾಡ್ಲಿ ಕಣೋ. ಏನೂ ಆಗ್ದಂಗೆ ನಾನು ನೋಡ್ಕೋತೀನಿ.”

ಮರುದಿನದಿಂದ ಅವನ ಸ್ಟೂಲು ಅಡುಗೆಮನೆಯ ಬಾಗಿಲಿಗೆ ಬಂತು. ಅವಳಿಗಿಂತ ಮೊದಲೇ ಎದ್ದು ಉಗ್ರಾಣದಲ್ಲಿ ಏನೋ ಸದ್ದು ಮಾಡಿ ಬಂದು, ಪೇಪರು ಹಿಡಿದು ಅಲ್ಲೇ ಕೂರುತ್ತಿದ್ದ. ಅವಳು ಒಲೆ ಆರಿಸುವವರೆಗೂ ಏಳುತ್ತಿರಲಿಲ್ಲ.

“ದಾರಿ ಬಿಡಪ್ಪ. ಕೂರಕ್ಕೆ ಜಗುಲಿ ಇಲ್ವಾ?”

ಅವನು ಕಾಲು ಮಡಚಿಕೊಳ್ಳುತ್ತಿದ್ದ. “ಇಲ್ಲಿ ಬೆಳಕು ಚೆನ್ನಾಗೈತೆ ಅತ್ತಿಗೆ.”

ಆ ಬಾಗಿಲಲ್ಲಿ ಬೆಳಕೇ ಇರಲಿಲ್ಲ. ಆಲೂರಿಗೆ ಹೋದಾಗಲೆಲ್ಲ ಗ್ಯಾಸಿನ ಹೊಸ ಟ್ಯೂಬೊಂದನ್ನು ತರುತ್ತಿದ್ದ. ಚಿಕ್ಕಪ್ಪನಿಗೆ ಟ್ಯೂಬಿನ ಹುಚ್ಚು ಎಂದು ಮೃತ್ಯುಂಜಯ ನಗುತ್ತಿದ್ದ.

*

ಗಂಡಸರು ಸೋತು ಜಗುಲಿಗೆ ಹೋದ ಮೇಲೆ ಸೊಸೆ ಪುಷ್ಪಾ ಟಾರ್ಚು ತೆಗೆದುಕೊಂಡು ಉಗ್ರಾಣಕ್ಕೆ ಹೋದಳು. ರಾಗಿಯ ಡ್ರಮ್ಮು ಎಳೆದ ಸದ್ದಾಯಿತು.

“ಅತ್ತೆ, ಸ್ವಲ್ಪ ಇಲ್ಲಿ ಬನ್ನಿ.”

ಡ್ರಮ್ಮಿನ ಹಿಂದೆ ಟ್ಯೂಬು ಎರಡಾಗಿ ಮಡಚಿತ್ತು. ಮಡಿಕೆಯ ಮೇಲೆ ಗೋಣಿದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಆ ಗಂಟು ಜಗದಾಂಬಳಿಗೆ ಗೊತ್ತು. ಉಗ್ರಾಣದಲ್ಲಿ ಸಿದ್ದಬಸಪ್ಪ ಕಟ್ಟಿಟ್ಟ ಮೆಣಸಿನ ಮೂಟೆಗಳ ಬಾಯಲ್ಲೆಲ್ಲ ಅದೇ ಗಂಟಿತ್ತು. ಎಷ್ಟೇ ಬಿಗಿದಿದ್ದರೂ ಗಿಡ್ಡ ತುದಿಯನ್ನು ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ.

“ನೀವು ಒಬ್ಬರೇ ಎದ್ದು ನಾಬು ತಿರುಗಿಸಿ ಮರೆತರೂ ಗ್ಯಾಸು ಬರಬಾರದು ಅಂತ,” ಎಂದಳು ಪುಷ್ಪಾ ಮೆಲ್ಲಗೆ. “ದಿನಾ ರಾತ್ರಿ ಕಟ್ಟಿ ಬೆಳಿಗ್ಗೆ ಬಿಚ್ಚುತ್ತಿದ್ರೇನೋ. ನೋಡಿ, ಮಡಿಕೇಲಿ ರಬ್ಬರು ಬೆಳ್ಳಗಾಗೈತೆ. ಟ್ಯೂಬು ತರ್ತಿದ್ದದ್ದೂ ಇದಕ್ಕೇ.”

ಜಗದಾಂಬ ಡ್ರಮ್ಮನ್ನು ಹಿಡಿದುಕೊಂಡಳು.

“ಕಾಫಿ ಆಸೆಗೆ ಅಷ್ಟು ಬೇಗ ಏಳ್ತಾನೆ ಅಂದ್ಕೊಂಡಿದ್ದೆ ಕಣೆ. ಬೈತಿದ್ದೆ.”

“ಬೈಸ್ಕೊಂಡೇ ಕಾಫಿ ಕುಡೀತಿದ್ರಲ್ಲ. ಎಳೀರಿ ಅತ್ತೆ, ಬಸ್ಸಿಗೆ ಹೊತ್ತಾಯ್ತು.”

ಜಗದಾಂಬ ಗಿಡ್ಡ ತುದಿಯನ್ನು ಹಿಡಿದಳು. ಆಮೇಲೆ ಎಳೆದಳು. ದಾರ ಸಡಿಲವಾಗಿ ಕೆಳಗೆ ಬಿತ್ತು. ಪುಷ್ಪಾ ಟ್ಯೂಬನ್ನು ನೆಟ್ಟಗೆ ಮಾಡಿ, ಮೂಸಿ ನೋಡಿ, ದಾರವನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು.

“ಏನಾಗಿತ್ತು?” ಮೃತ್ಯುಂಜಯ ಬಾಗಿಲಿಗೆ ಬಂದಿದ್ದ. “ಅವ್ವ ಏನಾದ್ರೂ...”

“ಡ್ರಮ್ಮಿನ ಸಂದೀಲಿ ಟ್ಯೂಬು ಮಡಚ್ಕೊಂಡಿತ್ತು, ಅಷ್ಟೇ. ಅವರನ್ನೆಲ್ಲ ಒಳಗೆ ಕರೀರಿ.”

“ನೀನೇ ಹಚ್ಚು, ಪುಷ್ಪಾ.”

“ಅತ್ತೆ ಹಚ್ತಾರೆ. ಇವತ್ತೂ, ನಾಳೆನೂ. ನಾನು ಇಲ್ಲೇ ಇರ್ತೀನಲ್ಲ.”

ಅವನು ಹೆಂಡತಿಯ ಮುಖ ನೋಡಿದ. ಲೋಟಗಳ ತಟ್ಟೆಯನ್ನು ಎತ್ತಿಕೊಂಡು ಹೋದ.

ಈ ಸಲ ಕಡ್ಡಿ ತಾಗುತ್ತಲೇ ಒಲೆ ನೀಲಿಯಾಗಿ ಹತ್ತಿತು. ಜಗದಾಂಬ ಹಾಲು ಉಕ್ಕುವವರೆಗೂ ಕಣ್ಣು ಕೀಳದೆ ನೋಡಿ, ಆರಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿದಳು. ಬಾಗಿಲಿಗೆ ಅಡ್ಡವಾಗಿ ಸಿದ್ದಬಸಪ್ಪನ ಸ್ಟೂಲು ಬಂದಿತ್ತು. ಪುಷ್ಪಾ ಅದರ ಮೇಲೆ ಕೂತು ಹಳೆಯ ಪೇಪರೊಂದನ್ನು ಬಿಡಿಸಿಕೊಂಡಿದ್ದಳು.

ದಾರಿ ಬಿಡು ಎಂದು ಜಗದಾಂಬ ಹೇಳಲಿಲ್ಲ. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಬಿಸಿಹಾಲು ತುಳುಕದ ಹಾಗೆ, ಸ್ಟೂಲಿನ ಪಕ್ಕದಿಂದ ಓರೆಯಾಗಿ ದಾಟಿದಳು.