ಬೆಳ್ಳಿ ಕವಚ ಬರೆದವಳು

ಯಂಕಮ್ಮ ತಪ್ಪಾಯ್ತು ಅನ್ನಬೇಕಂತೆ. ಶುಕ್ರವಾರ ಸಾಯಂಕಾಲ ಊರಮ್ಮನ ಗುಡಿಯ ಹೊಸ್ತಿಲಲ್ಲಿ ತೆಂಗಿನಕಾಯಿ ಹಿಡಿದು ನಿಂತು, ನೆರೆದವರೆಲ್ಲರ ಎದುರು ಮೂರು ಸಲ ‘ತಪ್ಪಾಯ್ತು ತಾಯಿ’ ಅನ್ನಬೇಕಂತೆ. ಇಲ್ಲವೆಂದರೆ ತಿಂಗಳ ಕೊನೆಗೆ ತಾಯಿ ಮಗಳು ರೂಮು ಖಾಲಿ ಮಾಡಬೇಕಂತೆ. ಅವಳು ಮಾಡಿದ ತಪ್ಪಾದರೂ ಏನು? ಒಂದು ಚಿತ್ರವನ್ನು ಚೆನ್ನಾಗಿ ಬರೆದದ್ದು. ಸ್ವಲ್ಪ ಕೆಟ್ಟದಾಗಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಸಿಂಧನೂರಿನ ಕಡೆಯಿಂದ ಬಂದ ಯಂಕಮ್ಮ, ಶಿವಾಜಿನಗರದಲ್ಲಿ ಹಬೀಬ್ ಸಾಹೇಬರ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಪತ್ರಿಕೆ, ಅಂಗಡಿ ಕ್ಯಾಲೆಂಡರ್ ತಯಾರು ಮಾಡುವವಳು. ತಾಯಿ ಜಟ್ಟೆಮ್ಮ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಇಬ್ಬರೂ ಇರುವುದು ಬಾಣಸವಾಡಿ ಸ್ಟೇಷನ್ನಿನ ಆಚೆಗಿನ ಹಳೆಯ ಊರಿನಲ್ಲಿ, ಮುನಿಆಂಜನಪ್ಪನವರ ವಠಾರದಲ್ಲಿ. ತಮ್ಮ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಮುನಿಆಂಜನಪ್ಪನವರು ಹದಿನಾಲ್ಕು ರೂಮು ಬೆಳೆದಿದ್ದಾರೆ. ಗುಡಿಯ ಕಮಿಟಿಗೂ ಅವರೇ ಅಧ್ಯಕ್ಷರು.

ಊರಮ್ಮನ ಬೆಳ್ಳಿ ಕವಚಕ್ಕೆ ಆ ವರ್ಷ, ಅಂದರೆ ಎರಡು ಸಾವಿರದ ಒಂದರಲ್ಲಿ, ಇಪ್ಪತ್ತೈದು ತುಂಬುತ್ತಿತ್ತು. ವಿಶೇಷ ಪೂಜೆ ಇಟ್ಟುಕೊಂಡಿದ್ದರು. ಮುನಿಆಂಜನಪ್ಪನವರೇ ರೂಮಿನ ಬಾಗಿಲಿಗೆ ಬಂದು, “ಪೋಸ್ಟರ್‌ನಲ್ಲಿ ಅಮ್ಮ ಫಳಫಳ ಅಂತ ಹೊಳೀಬೇಕು ಕಣಮ್ಮ, ನೋಡಿದವ್ರು ಕೈ ಮುಗೀಬೇಕು. ಆದ್ರೆ ಫೋಟೋ ಮಾತ್ರ ಹೊಡೆಯೋ ಹಾಗಿಲ್ಲ. ಗರ್ಭಗುಡಿಗೆ ಕ್ಯಾಮೆರಾ ಹೋದ್ರೆ ಮೈಲಿಗೆ,” ಅಂದರು.

“ನಾ ಬರೀತೀನ್ರಿ,” ಅಂದಳು ಯಂಕಮ್ಮ. ಅಲ್ಲಿಂದಲೇ ಶನಿ ಹೆಗಲೇರಿತು.

ಹನ್ನೊಂದು ಶುಕ್ರವಾರ ಅವಳು ಗುಡಿಗೆ ಹೋದಳು. ಮಂಗಳಾರತಿ ಆಗುವಾಗ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರೆ, ಇವಳು ಕಣ್ಣು ಬಿಟ್ಟುಕೊಂಡು ಕಿರೀಟದ ಎಸಳು ಎಣಿಸುತ್ತಿದ್ದಳು. ನೋಡಿದ್ದನ್ನು ಮರುದಿನ ಪ್ರೆಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಚಿತ್ರ ಬರೆಯುವ ಕೋರೆಲ್ ಪ್ರೋಗ್ರಾಂ ತೆರೆದು ಮೌಸಿನಲ್ಲಿ ಬರೆಯುತ್ತಿದ್ದಳು. ಒಂದು ಗೆರೆ ಕಪ್ಪು, ಪಕ್ಕದಲ್ಲಿ ಇನ್ನೊಂದು ಬಿಳಿ. ಇವೆರಡನ್ನು ಬ್ಲೆಂಡ್ ಮಾಡು ಅಂದರೆ ಕಂಪ್ಯೂಟರ್ ನಡುವೆ ಐವತ್ತು ಬೂದು ಗೆರೆ ತುಂಬಿಕೊಡುತ್ತಿತ್ತು, ಚಪ್ಪಟೆಯಾಗಿದ್ದದ್ದು ಉಬ್ಬಿ ನಿಲ್ಲುತ್ತಿತ್ತು. ಕಾಸಿನ ಸರವೊಂದಕ್ಕೇ ಎಂಟು ದಿನ ಹಿಡಿಯಿತು. ಚಿತ್ರ ದೊಡ್ಡದಾದ ಹಾಗೆ ಕಂಪ್ಯೂಟರಿಗೆ ಏದುಸಿರು ಹತ್ತಿತು. ಸೇವ್ ಒತ್ತಿ ಟೀ ಕುಡಿದು ಬಂದರೂ ಅದು ಇನ್ನೂ ಯೋಚಿಸುತ್ತಲೇ ಇರುತ್ತಿತ್ತು.

ಎಷ್ಟು ಬೂದು ಬಳಿದರೂ ಬೆಳ್ಳಿ ಮಾತ್ರ ಸಿಮೆಂಟಿನ ಹಾಗೇ ಕಾಣುತ್ತಿತ್ತು. ದಾರಿ ತೋರಿಸಿದವರು ಹಬೀಬ್ ಸಾಹೇಬರು. ಹರೆಯದಲ್ಲಿ ಅವರು ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದು ಬೈಕಿನ ಟ್ಯಾಂಕುಗಳ ಮೇಲೆ ಉಕ್ಕಿನ ಹದ್ದು ಹಾರಿಸಿದವರು. “ಬೇಟಾ, ಮೇಲ್ಗಡೆ ಆಸ್ಮಾನ್ ಇಡು, ನೀಲಿ. ಕೆಳಗಡೆ ಮಣ್ಣು, ಕಂದು. ಮಧ್ಯ ಒಂದು ಕಪ್ಪು ಗೆರೆ. ಅದರ ಪಕ್ಕಕ್ಕೇ ಬಿಳೀದು ಕುಕ್ಕು. ಬಯಲಲ್ಲಿ ಇಟ್ಟಿರೋ ಬಿಂದಿಗೆ ನೋಡಿಲ್ವಾ? ಹೊಳೆಯೋದು ಹಾಗೇ,” ಅಂದರು. ಅವಳು ಹಾಗೇ ಮಾಡಿದಳು. ನೋಡನೋಡುತ್ತಲೇ ಬೂದು ಹೋಗಿ ಬೆಳ್ಳಿ ಬಂತು. ಯಂಕಮ್ಮನ ಮೈ ಝುಂ ಅಂತು. ಸಾಹೇಬರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

ಬಾಣಸವಾಡಿಯಿಂದ ಕೆ.ಆರ್. ಪುರದ ತನಕ ಗೋಡೆಗೋಡೆಗೆ ಪೋಸ್ಟರ್ ಅಂಟಿತು. ಜನ ನಿಜವಾಗಿಯೂ ಕೈ ಮುಗಿದರು. ಮುನಿಆಂಜನಪ್ಪನವರು ಎರಡು ದಿನ ಮೀಸೆ ತಿರುವಿಕೊಂಡು ಓಡಾಡಿದರು. ಮೂರನೆಯ ದಿನ ಯಾರೋ ಕೇಳಿದರು: “ಒಳಗಡೆ ಹೋಗಿ ಫೋಟೋ ಹೊಡ್ದೋರು ಯಾರು?” ಅಷ್ಟೇ. ಬರೆಯಲು ಹೇಳಿದ ಮನುಷ್ಯ, ‘ಬರೆಸಿದ್ದು ನಾನು’ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಪುಣ್ಯಾತ್ಮರು, “ನನಗೇನ್ ಗೊತ್ತು, ಆ ಪ್ರೆಸ್ಸಿನ ಹುಡ್ಗಿನ ಕೇಳ್ಬೇಕು,” ಅಂದರು. ಆಮೇಲೆ ತಾವೇ ಅದನ್ನು ನಂಬಿಯೂ ಬಿಟ್ಟರು. ಹೌದಲ್ಲ, ಮಂಗಳಾರತಿ ಹೊತ್ತಿಗೆ ಅವಳೊಬ್ಬಳೇ ಕಣ್ಣು ಮುಚ್ಚುತ್ತಿರಲಿಲ್ಲ! ಹೆಂಗಸು, ಎಲ್ಲಿಂದಲೋ ಬಂದವಳು, ಯಾವ ಜನವೋ, ಗರ್ಭಗುಡಿಗೆ ಕಾಲಿಟ್ಟಿದ್ದಾಳೆ. ಶುದ್ಧಿ ಆಗಬೇಕು, ತಪ್ಪೊಪ್ಪಿಕೊಳ್ಳಬೇಕು.

“ನಾ ಒಳಗ ಕಾಲಿಟ್ಟಿಲ್ರಿ. ಬಂದು ಕಂಪ್ಯೂಟರ್ ನೋಡ್ರಿ,” ಅಂದಳು ಯಂಕಮ್ಮ.

ಕಮಿಟಿಯ ನಾಲ್ವರು ಪ್ರೆಸ್ಸಿಗೆ ಬಂದರು. ಅವಳು ಚಿತ್ರ ತೆರೆದು, ಬಣ್ಣವೆಲ್ಲ ಕಳಚಿ ಬರೀ ಗೆರೆಗಳು ಕಾಣುವಂತೆ ಮಾಡಿದಳು. ಪರದೆಯ ತುಂಬ ಸಾವಿರಾರು ಎಳೆಗಳು. ಪ್ರತಿಯೊಂದೂ ಅವಳ ಕೈಯದು. ಇದಕ್ಕಿಂತ ಸಾಕ್ಷಿ ಬೇಕೇ ಎಂದು ತಿರುಗಿ ನೋಡಿದರೆ, ಮುನಿಆಂಜನಪ್ಪನವರು ಚಪ್ಪಲಿ ಕಳಚಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

“ಅಯ್ಯೋ ನಿನ್ನ! ಅಮ್ಮನಿಗೇ ಎಕ್ಸ್‌ರೇ ಹೊಡ್ದಿದ್ದೀಯಲ್ಲಮ್ಮ!”

ನಗಬೇಕೋ ಮೌಸನ್ನು ಅವರ ಮುಖಕ್ಕೆ ಎಸೆಯಬೇಕೋ ಅವಳಿಗೆ ತಿಳಿಯಲಿಲ್ಲ. ಒಂದಿದ್ದ ಅಪರಾಧ ಎರಡಾಯಿತು. ಅವರು ಹೋದ ಮೇಲೆ ಹಬೀಬ್ ಸಾಹೇಬರು ತಲೆ ತಗ್ಗಿಸಿ, “ನಾನು ಮಾತಾಡಿದ್ರೆ ಮಾತು ಬೇರೆ ಕಡೆ ತಿರುಗುತ್ತೆ ಬೇಟಾ, ಮಾಫ್ ಕರ್,” ಅಂದರು. ಬಾಯಿ ಬಿಡಬೇಕಾದವರು ಬಿಡಲಿಲ್ಲ, ಇವರಿಗೆ ಬಿಡುವ ಹಾಗಿಲ್ಲ.

ಮನೆಯಲ್ಲಿ ಜಟ್ಟೆಮ್ಮನದು ಒಂದೇ ರಾಗ. “ಒಂದ್ ಮಾತು ಅಂದ್ಬಿಡವ್ವ. ನಿನ್ ಗಂಟೇನ್ ಹೋಗ್ತೈತಿ? ಈ ರೂಮ್ ಬಿಟ್ರ ಅಡ್ವಾನ್ಸ್ ಎಲ್ಲಿಂದ ತರೂದು?”

“ಮಾಡಿದ್ರ ನೂರ್ ಸಲ ಅಂತಿದ್ದೆ. ಮಾಡಿಲ್ಲ, ಅನ್ನಂಗಿಲ್ಲ. ಅಂದ್ರ ಅಷ್ಟೂ ಗೆರಿ ನಾ ಬರದಿಲ್ಲ ಅಂತ ನಾನ ಒಪ್ಪಿಕೊಂಡಂಗ ಆತು.”

ತಾಯಿಗೆ ಗೆರೆಯ ಮಾತು ತಿಳಿಯಲಿಲ್ಲ. ಮಗಳು ಅನ್ನದಿದ್ದರೆ ಅವಳ ಬದಲು ತಾನೇ ಅಂದುಬಿಡುವುದೆಂದು ನಿಶ್ಚಯಿಸಿ, ಶುಕ್ರವಾರ ಒಂದು ತೆಂಗಿನಕಾಯಿ ಕೊಂಡು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮಗಳ ಹಿಂದೆಯೇ ಗುಡಿಗೆ ಬಂದಳು.

ಗುಡಿ ಕಿಕ್ಕಿರಿದಿತ್ತು. ತಪ್ಪು ಮಾಡಿದವರನ್ನು ನೋಡುವುದಕ್ಕೆ ಜನಕ್ಕೆ ಯಾವತ್ತೂ ಬಿಡುವಿರುತ್ತದೆ. “ಹ್ಞೂಂ, ಹೇಳಮ್ಮ,” ಅಂದರು ಮುನಿಆಂಜನಪ್ಪ. ಯಂಕಮ್ಮ ಹೊಸ್ತಿಲ ಹೊರಗೇ ನಿಂತು, ಕೈಯಲ್ಲಿದ್ದ ಪೋಸ್ಟರ್ ಬಿಡಿಸಿದಳು. ಅವರನ್ನು ನೋಡಲೇ ಇಲ್ಲ. ಪೂಜಾರಿ ವೆಂಕಟಸ್ವಾಮಿಯವರನ್ನು ಕೇಳಿದಳು.

“ಸ್ವಾಮಿ, ಗರ್ಭಗುಡಿಗೆ ಕಿಟಕಿ ಅದಾವೇನ್ರಿ?”

“ಕಿಟಕಿನಾ? ಗರ್ಭಗುಡಿಗೆ ಎಲ್ಲಿಂದ ಬರ್ಬೇಕಮ್ಮ?”

“ಹಂಗಾದ್ರ ಅಮ್ಮನ ಎದೀಮ್ಯಾಲ ಈ ನೀಲಿ ಆಕಾಶ ಹೆಂಗ್ ಬಂತ್ರಿ? ಕೆಳಗ ಈ ಮಣ್ಣು? ದೀಪ ಎತ್ತಿ ತೋರಿಸ್ರಿ. ಒಳಗಿನ ಬೆಳ್ಳ್ಯಾಗ ಇದು ಐತೇನು ಎಲ್ಲಾರೂ ನೋಡ್ಲಿ.”

ವೆಂಕಟಸ್ವಾಮಿಯವರು ಪೋಸ್ಟರನ್ನು ನೋಡಿದರು. ಒಳಗೆ ಹೋಗಿ ಆರತಿಯನ್ನು ಮೇಲೆತ್ತಿ ಹಿಡಿದರು. ಕವಚದ ಮೇಲೆ ದೀಪದ ಹಳದಿ ಇತ್ತು, ಉಳಿದದ್ದೆಲ್ಲ ಕತ್ತಲೆ. ನೀಲಿಯ ಸುಳಿವೂ ಇಲ್ಲ. ಇಷ್ಟು ದಿನ ಪೋಸ್ಟರಿನಲ್ಲಿ ಬರೀ ಬೆಳ್ಳಿಯನ್ನೇ ಕಂಡಿದ್ದ ಜನಕ್ಕೆ ಈಗ ಅದರಲ್ಲಿ ಬಿಸಿಲು ಬಿದ್ದ ಬಯಲೊಂದು ಕಾಣತೊಡಗಿತು.

“ಇದು ಫೋಟೋ ಅಲ್ಲ. ಬರೆದಿರೋದೇ,” ಅಂದರು ಪೂಜಾರಿ, ಎಲ್ಲರಿಗೂ ಕೇಳುವಂತೆ.

ಈಗ ಯಾರೇನು ಅನ್ನುತ್ತಾರೋ ಎಂದು ಯಂಕಮ್ಮ ಕಾದಳು. ಹದಿನೈದು ದಿನದಿಂದ ಅವಳನ್ನು ಬಾಯಿಗೆ ಬಂದಂತೆ ಅಂದವರು ಅಲ್ಲೇ ಇದ್ದರು. ಒಬ್ಬರು ಕೆಮ್ಮಿದರು, ಒಬ್ಬರು ವಾಚು ನೋಡಿಕೊಂಡರು. ಮುನಿಆಂಜನಪ್ಪನವರು ಶಲ್ಯ ಕೊಡವಿ ನಕ್ಕರು.

“ಸರಿ ಬಿಡಮ್ಮ. ಇದನ್ನ ಮೊದ್ಲೇ ಬಿಡಿಸಿ ಹೇಳೋಕೇನಾಗಿತ್ತು ನಿಂಗೆ? ಸುಮ್ನೆ ಎಲ್ರಿಗೂ ತಲೆನೋವು.” ಆಮೇಲೆ ಕಮಿಟಿಯವರ ಕಡೆ ತಿರುಗಿದರು. “ಈ ರಗಳೆನೇ ಬೇಡ ಕಣ್ರಯ್ಯ. ಮುಂದಿನ ವರ್ಷ ಸ್ಟುಡಿಯೋದವ್ನನ್ನೇ ಒಳಗೆ ಕರ್ಸಿ ಒಂದ್ ಒಳ್ಳೆ ಫೋಟೋ ಹೊಡ್ಸಿಬಿಡೋಣ. ಕಮಿಟಿ ಒಪ್ಕೊಂಡ್ಮೇಲೆ ಮೈಲಿಗೆ ಏನ್ ಬಂತು?”

ಕಮಿಟಿ ತಲೆಯಾಡಿಸಿತು. ಯಂಕಮ್ಮನ ಕಿವಿಗೆ ಕಾದ ಎಣ್ಣೆ ಸುರಿದಂತಾಯಿತು.

“ಆವಾಗ ತಪ್ಪಾಯ್ತು ಅನ್ನೋರು ಯಾರ್ರಿ?” ಅಂದಳು.

ಯಾರೋ ಗಂಟೆ ಬಾರಿಸಿದರು. ಜನ ಪ್ರಸಾದದ ಕಡೆ ನೂಕಿಕೊಂಡು ಹೋಯಿತು. ಆ ನೂಕಿನಲ್ಲಿ ಜಟ್ಟೆಮ್ಮನ ಸೆರಗು ಸರಿದು ತೆಂಗಿನಕಾಯಿ ಕಂಡಿತು.

“ತಂದಿದ್ದೀಯಲ್ಲ, ಕೊಟ್ಬಿಡು. ಪೂಜೆ ಮಾಡಿಸಿ ಇಲ್ಲಿಗೇ ಮುಗಿಸೋಣ,” ಎಂದು ಮುನಿಆಂಜನಪ್ಪನವರು ಕೈ ಚಾಚಿದರು. “ರೂಮಲ್ಲೇ ಇರಿ, ನಾನೇನೂ ಅನ್ನಲ್ಲ.”

ಜಟ್ಟೆಮ್ಮ ಮಗಳ ಮುಖ ನೋಡಿದಳು. ತೆಂಗಿನಕಾಯನ್ನು ಮತ್ತೆ ಸೆರಗಿಗೆ ಸುತ್ತಿಕೊಂಡಳು.

“ಬ್ಯಾಡ್ರಿ,” ಅಂದಳು. “ಹೊಸ ಮನ್ಯಾಗ ಒಡಿತೀವಿ.”