ಗುರುಪಾದ ಕಳಿಸಿದ ಚಿಕ್ಕಿಗಳು

ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ತಲೆ ಮತ್ತೆ ಬಲಕ್ಕೆ ವಾಲಿತು. ಶೈಲಾ ಅದನ್ನು ಎತ್ತಿ ಹಿಡಿದಳು. ಶಂಕ್ರೆಪ್ಪ ಕಾಕಾ ಗದ್ದದ ಕೆಳಗಿಂದ ಬಿಳಿ ಬಟ್ಟೆ ಎಳೆದು ಕಟ್ಟಿದ. ಅಷ್ಟರಲ್ಲಿ ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಅಪ್ಪನ ಫೋನು ಟಿಂಗ್ ಎಂದಿತು. ಹೆಣದ ಗಾಡಿಯವನಿಗೆ ಅದೇ ನಂಬರು ಕೊಟ್ಟಿದ್ದರು. ಅವನದೇ ಇರಬೇಕೆಂದು ಹಿಂದುಮುಂದು ನೋಡದೆ ತೆರೆದಳು.

ಗಾಡಿಯವನದಲ್ಲ. ಕಪ್ಪು ಆಕಾಶದ ತುಂಬ ಕೆಂಪು, ಹಳದಿ ಚಿಕ್ಕಿಗಳು, ನಕ್ಷತ್ರಗಳು. ತಮ್ಮ ಗುರುಪಾದ ಪುಣೆಯಿಂದ ಬರುವ ರೈಲಿನಲ್ಲಿ ಕೂತು ಕಳಿಸಿದ್ದ. 'ಅಪ್ಪಾ, ದೊಡ್ಡ ದುರ್ಬೀನಿಂದು ಹೊಸಾ ಫೋಟೋ. ಲಗೂ ಆರಾಮಾಗು.'

ಅಪ್ಪ ನಸುಕಿನಲ್ಲೇ ಹೋಗಿಬಿಟ್ಟಿದ್ದ. ದಾರಿಯಲ್ಲಿ ಒಬ್ಬನೇ ಬರಬೇಕಾದವನಿಗೆ ಸಾವಿನ ಸುದ್ದಿ ಹೇಳಬಾರದೆಂದು ಕಾಕಾ, 'ಭಾಳ ಸೀರಿಯಸ್ ಐತಿ, ಬಾ' ಎಂದಷ್ಟೇ ಗುರುಪಾದನಿಗೆ ತಿಳಿಸಿದ್ದ.

ಫೋನು ಬಡಿದುಕೊಂಡಿತು.

"ಅಪ್ಪಾ?"

"ನಾ ಶೈಲಾ."

"ಅಕ್ಕಾ, ಅಪ್ಪ ಫೋಟೋ ನೋಡಿದ್ನಲ್ಲ. ನೀಲಿ ಟಿಕ್ ಬಂತು. ಎದ್ದು ಕುಂತಾನೇನು?"

ಶೈಲಾ ಕಾಕಾನತ್ತ ನೋಡಿದಳು. ಕಾಕಾ ತುಟಿಯ ಮೇಲೆ ಬೆರಳಿಟ್ಟ. ಹಣೆತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಅಪ್ಪ ನೆಟ್ಟಗೆ ಕೂತಿದ್ದ.

"ಹೂಂ, ಕುಂತಾನ," ಅಂದುಬಿಟ್ಟಳು.

"ಸಣ್ಣ ಸ್ಕ್ರೀನಿನ್ಯಾಗ ಅವಗ ಸರಿ ಕಾಣಂಗಿಲ್ಲ. ದಾದರ್‌ದಾಗ ಇಳದು ದೊಡ್ಡ ಪ್ರಿಂಟ್ ತಗಿಸಿಕೊಂಡು ಬರ್ತೀನಿ."

"ಬ್ಯಾಡೋ, ಸೀದಾ ಬಾ," ಎನ್ನುವಷ್ಟರಲ್ಲಿ ರೈಲು ಘಾಟಿನ ಸುರಂಗ ಹೊಕ್ಕಿತೇನೋ, ದನಿ ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್.

*

ಅಪ್ಪ ನೀಲಕಂಠಪ್ಪ ಮಲಾಡಿನ ಒಂದು ಆಫೀಸು ಬಿಲ್ಡಿಂಗಿನಲ್ಲಿ ಲಿಫ್ಟ್‌ಮನ್ ಆಗಿದ್ದ. ವಿಜಯಪುರ ಬಿಟ್ಟು ಬಂದವನು ಆಯುಷ್ಯವನ್ನೆಲ್ಲ ಕಿಟಕಿಯಿಲ್ಲದ ಆ ಪೆಟ್ಟಿಗೆಯಲ್ಲಿ ಏರಿಳಿದು ಕಳೆದ. ಅಂಥವನಿಗೆ ರಿಟೈರಾದ ಮೇಲೆ ಆಕಾಶದ ಹುಚ್ಚು ಹಿಡಿಯಿತು. ಹಿಡಿಸಿದವನು ಮಗನೇ.

ಕಳೆದ ದೀಪಾವಳಿಗೆ ಬಂದಾಗ ಗುರುಪಾದ, ದೂರದ ಗ್ರಹವೊಂದರ ಗಾಳಿಯಲ್ಲಿ ನೀರಿನ ಹಬೆ ಸಿಕ್ಕಿದೆ ಎಂದಿದ್ದ. ಅಪ್ಪ ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳುವಂತೆ ಕೂಗಿದ್ದ: "ಕೇಳಿದೇನು, ಅಲ್ಲಿ ನೀರೈತಂತ. ನಮ್ಮ ಚಾಳಿನ ನಳಕ್ಕ ಯಾವಾಗ ಬರತೈತೋ ದುರ್ಬೀನಿನವರನ್ನ ಕೇಳಬೇಕು."

ಮಗ ಇನ್ನೊಂದು ಚಿತ್ರ ತೋರಿಸಿದ. "ಈ ಬೆಳಕು ಭೂಮಿ ಹುಟ್ಟೂಕಿಂತ ಮೊದಲ ಹೊಂಟದ್ದಪ್ಪಾ. ಈಗ ಬಂದು ಮುಟ್ಟೈತಿ."

"ಅಂದ್ರ ಆ ಚಿಕ್ಕಿ ಈಗ ಅದಾವೋ ಇಲ್ಲೋ?"

"ಯಾರಿಗೆ ಗೊತ್ತು. ಸತ್ತಿದ್ರೂ ನಮಗ ಹೊಳದಂಗ ಕಾಣತಾವ."

ಅಪ್ಪ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಸುದ್ದಿ ಇನ್ನೂ ಮುಟ್ಟಿಲ್ಲ ಅನ್ನು," ಎಂದ.

*

ಗಾಡಿ ಬಂತು, ಗುರುಪಾದ ಬರಲಿಲ್ಲ.

"ಹೊತ್ತು ಮುಣುಗೂದರಾಗ ಮಣ್ಣಾಗಬೇಕವಾ," ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಎದ್ದರು.

"ತಮ್ಮ ಒಂದ್ಸಲ ಅಪ್ಪನ ಮಾರಿ ನೋಡ್ಲಿ ಅಯ್ಯನೋರ. ಇನ್ನೊಂದಿಷ್ಟು ತಡೀರಿ."

"ಅಪ್ಪಗ ಆರಾಮಿಲ್ಲ ಅಂದ್ರ ಓಡಿ ಬರಾಂವ," ಅವ್ವ ಚಂದ್ರವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಇವತ್ತ್ಯಾಕ ಇಷ್ಟೊತ್ತು?"

ಶೈಲಾ ಮತ್ತೆ ತಮ್ಮನ ನಂಬರು ಹಚ್ಚಿದಳು. ಓಡಿ ಬರುತ್ತಿದ್ದವನ ಕಾಲನ್ನು ನಿಧಾನ ಮಾಡಿದವಳು ತಾನೇ. ಅಪ್ಪನ ಮುಖ ತಪ್ಪಿದರೆ ಅವನು ಈ ಜನ್ಮದಲ್ಲಿ ತನ್ನ ಜೊತೆ ಮಾತಾಡುವುದಿಲ್ಲ.

"ಹೇಳಬ್ಯಾಡ ಅಂದಿದ್ದು ಖರೆ," ಕಾಕಾ ಅವಳ ಕಿವಿಯ ಹತ್ತಿರ ಗೊಣಗಿದ. "ಎದ್ದು ಕುಂತಾನ ಅನ್ನು ಅಂದಿದ್ನೇನು?"

ಅಪ್ಪನನ್ನು ಕೂತಂತೆಯೇ ಕುರ್ಚಿಗೆ ಎತ್ತಿದರು. ಭಜನೆಯ ತಾಳಗಳು ಬಡಿದುಕೊಂಡವು. ಶೈಲಾ ಬರಿಗಾಲಲ್ಲಿ ಚಾಳಿನ ಮೆಟ್ಟಿಲಿಳಿದು ಗಲ್ಲಿಯ ಬಾಯಿಗೆ ಓಡಿದಳು. ಜೋಗೇಶ್ವರಿ ಸ್ಟೇಶನ್ ಕಡೆಯಿಂದ ಬರುವ ಒಂದೊಂದು ಮುಖವನ್ನೂ ದಿಟ್ಟಿಸಿದಳು.

ರಿಕ್ಷಾಗಳ ನಡುವೆ ಗುರುಪಾದ ಕಂಡ. ಅಂಗಿ ಬೆವರಿಗೆ ಮೈಗಂಟಿತ್ತು. ಅಕ್ಕನನ್ನು ನೋಡಿದವನೇ ನಿಂತು, ಬಗಲಲ್ಲಿದ್ದ ಸುರುಳಿಯನ್ನು ಬಿಚ್ಚಿ, ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದ. ಕಪ್ಪು ಹಾಳೆಯ ತುಂಬ ಚಿಕ್ಕಿಗಳು, ಅದರ ಕೆಳಗೆ ಅವನ ನಗುಮುಖ.

ಅವಳ ಬೆನ್ನ ಹಿಂದೆ ಭಜನೆ ಗಲ್ಲಿಗೆ ಇಳಿಯುತ್ತಿತ್ತು. ರಿಕ್ಷಾಗಳ ಗದ್ದಲದಲ್ಲಿ ಅದು ಅವನಿಗೆ ಇನ್ನೂ ಮುಟ್ಟಿರಲಿಲ್ಲ. ಅವನು ಹಾಳೆಯನ್ನು ಹಾಗೇ ಎತ್ತಿ ಹಿಡಿದು ನಗುತ್ತ ಬರುತ್ತಿದ್ದ.