ತರ್ಕವೀರನಿಗೆ ಮುಖ ಹುಡುಕಿದ್ದು

ಸಾಯಲಿಯನ್ನು ಗಡಹಿಂಗ್ಲಜಕ್ಕೆ ಕರೆಸಿದ್ದು ತಂಗಿಯ ಪಾತ್ರಕ್ಕೆ. ನಾಯಕ ಕಳ್ಳನನ್ನು ಹಿಡಿದಾಗಲೆಲ್ಲ ಚಹಾ ತಂದುಕೊಟ್ಟು, 'ಅದು ಹ್ಯಾಂಗ ಗೊತ್ತಾತಣ್ಣಾ?' ಎಂದು ಕಣ್ಣರಳಿಸಿ ಕೇಳುವ ತಂಗಿ. ಸಿನಿಮಾದ ಉದ್ದಕ್ಕೂ ಅವಳಿಗೆ ಅದೊಂದೇ ಮಾತು. ಸಾಯಲಿಯಾದರೋ ಕೊಲ್ಹಾಪುರದ ನಾಟಕಗಳಲ್ಲಿ ರಾಣಿಯಾಗಿ, ವಕೀಲೆಯಾಗಿ, ಒಮ್ಮೆ ಹಲ್ಲುಬಿದ್ದ ಮುದುಕನಾಗಿಯೂ ಚಪ್ಪಾಳೆ ಗಿಟ್ಟಿಸಿದವಳು. ತನ್ನೂರು ಇಚಲಕರಂಜಿಯಲ್ಲಿ ಬಸ್ಸು ಹತ್ತುವಾಗಲೇ ತೀರ್ಮಾನ ಮಾಡಿದ್ದಳು: ಕೇಳುವುದಾದರೆ ನಾಯಕನ ಪಾತ್ರವನ್ನೇ ಕೇಳುವುದು. ಕೊಡದಿದ್ದರೆ ಆ ಚಹಾ ಅವರೇ ಕಾಸಿಕೊಂಡು ಕುಡಿಯಲಿ.

ನಾಯಕನ ಹೆಸರು ತರ್ಕವೀರ. ಅವನು ಹಾರುವುದಿಲ್ಲ, ಲಾರಿ ಎತ್ತುವುದಿಲ್ಲ. ಬುದ್ಧಿಯೊಂದೇ ಅವನ ಶಕ್ತಿ. ಕಥೆ ಬರೆದು ನಿರ್ದೇಶಿಸಲು ಹೊರಟವನು ಜಿನೇಂದ್ರ, ಪುಣೆಯಲ್ಲಿ ಸಿನಿಮಾ ಕಲಿತು ಬಂದ ಹುಡುಗ. ಹಣ ಹಾಕುತ್ತಿದ್ದವರು ಅವನ ಕಾಕಾ ಕುಂಥುನಾಥ, ಬೆಲ್ಲದ ವ್ಯಾಪಾರಿ. ಹಾಗಾಗಿ ಪಾತ್ರಗಳ ಆಯ್ಕೆಯೂ ಬೆಲ್ಲದ ಗೋದಾಮಿನಲ್ಲೇ ನಡೆದಿತ್ತು. ಒಂದು ಗೋಡೆಗೆ ನೀಲಿ ಬಟ್ಟೆ, ಎರಡು ದೀಪ, ಒಂದು ಕ್ಯಾಮೆರಾ. ಇರುವೆಗಳಿಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಪ್ರವೇಶ ಸಿಕ್ಕಿತ್ತು.

ಅವಳು ಮುಟ್ಟುವ ಹೊತ್ತಿಗೆ ಕೊಲ್ಹಾಪುರದ ಸೌರಭ ತರ್ಕವೀರನಾಗಿ ನಿಂತಿದ್ದ. ತಾಲೀಮು ಮಾಡಿ ಬೆಳೆಸಿದ ಮೈ, ಬುದ್ಧಿವಂತನೆಂದು ತೋರಿಸಲು ಗಾಜಿಲ್ಲದ ಕನ್ನಡಕ. ದೃಶ್ಯ ಇಷ್ಟು: ಹುಪರಿಯ ಬೆಳ್ಳಿ ಅಂಗಡಿಯಲ್ಲಿ ಕಳವಾಗಿದೆ. ಬೀಗ ಮುರಿದು ಕಳ್ಳರು ನುಗ್ಗಿದರೆಂದು ಮ್ಯಾನೇಜರ್ ಹೇಳುತ್ತಾನೆ. ಆದರೆ ಮುರಿದ ಬೀಗ ಬಿದ್ದಿರುವುದು ಅಂಗಡಿಯ ಒಳಗೆ. ಶಟರ್ ಮುಚ್ಚಿದ್ದಾಗ ಮುರಿದಿದ್ದರೆ ಅದು ಹೊರಗೆ, ರಸ್ತೆಯ ಮೇಲೆ ಬೀಳಬೇಕಿತ್ತು. ಅಂದರೆ ಯಾರೋ ಕೀಲಿಕೈಯಿಂದ ಬೀಗ ತೆರೆದು, ಒಳಗೆ ಒಯ್ದು ಮುರಿದಿದ್ದಾರೆ. ಕೀಲಿಕೈ ಇರುವುದು ಮ್ಯಾನೇಜರ್ ಹತ್ತಿರ ಮಾತ್ರ.

ಸೌರಭ ಅತ್ತಿಂದಿತ್ತ ನಡೆದ, ಹಣೆ ಒತ್ತಿಕೊಂಡ, ಇದಿಷ್ಟನ್ನೂ ಒಂದೇ ಉಸಿರಿನಲ್ಲಿ ಒದರಿ, ಕೊನೆಗೆ ಮ್ಯಾನೇಜರನನ್ನು ಮೂರ್ಖ ಎಂದು ಬೈದ. ಕುಂಥುನಾಥರು ತೊಡೆ ತಟ್ಟಿದರು. ಸಾಯಲಿಗೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಗಣಿತ ಬಾರದವನು ಹಣೆ ಒತ್ತಿಕೊಳ್ಳುತ್ತಾನೆ. ಬರುವವನಿಗೆ ಆ ಗೋಳು ಯಾಕೆ?

"ನಂಗ ತರ್ಕವೀರನ ಪಾರ್ಟ್ ಮಾಡಿ ತೋರಸಲಿಕ್ಕ ಬಿಡ್ರಿ ಸರ್," ಎಂದಳು.

ಜಿನೇಂದ್ರ ನಕ್ಕ. "ಅದು ಗಂಡಸಿನ ಪಾರ್ಟ್ ಐತ್ರಿ."

"ಬುದ್ಧಿ ಅಂತ ಬರದೀರಿ. ಮೀಸಿ ಅಂತ ಬರದಿಲ್ಲ."

ಅವನು ಪುಟ ತಿರುವಿದ. ಮೀಸೆಯ ಸುದ್ದಿ ಎಲ್ಲಿಯೂ ಇರಲಿಲ್ಲ. "ಆತು, ನಾನ ಮ್ಯಾನೇಜರ್ ಆಗತೇನಿ. ಶುರು ಮಾಡ್ರಿ," ಎಂದು ಎದುರಿಗೆ ನಿಂತ.

ಸಾಯಲಿ ಖಾಲಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಆರಾಮಾಗಿ ಕೂತಳು. ಮ್ಯಾನೇಜರ್ ಹೇಳುವುದನ್ನೆಲ್ಲ ಹೇಳಲು ಬಿಟ್ಟಳು. ಅವನ ಬಾಯಿಯನ್ನೇ ನೋಡುತ್ತ ಒಂದೇ ಮಾತು ಕೇಳಿದಳು: "ಬೀಗ ಎಲ್ಲಿ ಬಿದ್ದಿತ್ರಿ?"

"ಒಳಗ."

ಅವಳು ಸುಮ್ಮನಾದಳು. ಬೈಯಲಿಲ್ಲ, ವಿವರಿಸಲಿಲ್ಲ, ಹುಬ್ಬು ಸಹ ಗಂಟಿಕ್ಕಲಿಲ್ಲ. ಅವನ ತುಟಿಯಿಂದ ಕಣ್ಣು ಮಾತ್ರ ಕೀಳಲಿಲ್ಲ. ಜಿನೇಂದ್ರನಿಗೆ ತಾನೇ ಬರೆದ ಮುಂದಿನ ಮಾತು ಮರೆತುಹೋಯಿತು. ತಾನೇ ಬೆಳ್ಳಿ ಕದ್ದವನಂತೆ ಬೆವರೊರೆಸಿಕೊಂಡ. ಸಾಯಲಿಗೆ ಗೊತ್ತಾಯಿತು, ಗೆದ್ದೆ ಎಂದು. ಅವಳಿಗೆ ಆ ವಿಷಯದಲ್ಲಿ ಸುಳ್ಳು ವಿನಯ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ತಿರುವಿನಲ್ಲಿ ಸಿಕ್ಕಿಬಿತ್ತು. ಹಂಗಾಮಿನಲ್ಲಿ ಈ ಟ್ರ್ಯಾಕ್ಟರುಗಳು ಕಬ್ಬಿಗಿಂತ ಹೆಚ್ಚಾಗಿ ಹಾಡನ್ನೇ ಹೊತ್ತು ತಿರುಗುತ್ತವೆ. ಸ್ಪೀಕರಿನ ಅಬ್ಬರಕ್ಕೆ ಗೋದಾಮಿನ ತಗಡು ನಡುಗಿತು. ಜಿನೇಂದ್ರ ಕೈಯೆತ್ತಿ ಕ್ಯಾಮೆರಾ ನಿಲ್ಲಿಸಿ, ಆಚೆ ತುದಿಯ ಬಾಗಿಲಿನ ಬಳಿ ಕೂತಿದ್ದ ಕಾಕಾನ ಹತ್ತಿರ ಹೋದ. ಈ ಗದ್ದಲದಲ್ಲಿ ಯಾರಿಗೇನು ಕೇಳೀತು ಎಂಬ ಧೈರ್ಯದಲ್ಲಿ ಇಬ್ಬರೂ ಅಲ್ಲೇ, ಅವಳಿಗೆ ಎದುರಾಗಿಯೇ ಮಾತಿಗೆ ತೊಡಗಿದರು.

ಇಚಲಕರಂಜಿಯವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಆ ಊರಿನ ವಿದ್ಯುತ್ ಮಗ್ಗದ ಶೆಡ್ಡುಗಳ ಗದ್ದಲದಲ್ಲಿ ಕೂಗಿ ಮಾತಾಡಿದರೆ ಗಂಟಲು ಹರಿಯುತ್ತದೆಯೇ ಹೊರತು ಮಾತು ಮುಟ್ಟುವುದಿಲ್ಲ. ಅಲ್ಲಿಯವರು ತುಟಿಯಷ್ಟೇ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಸಾಯಲಿಯ ಅವ್ವ ತಾರವ್ವ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಗಂಡನನ್ನು ಬೈಯುತ್ತಿದ್ದದ್ದೂ, ಮಗಳಿಗೆ ಅನ್ನಕ್ಕಿಡಲು ಹೇಳುತ್ತಿದ್ದದ್ದೂ ಹೀಗೆಯೇ. ಗುಟ್ಟು ಹೇಳುವುದಿದ್ದರೆ ಅಲ್ಲಿ ದನಿ ತಗ್ಗಿಸುವುದಿಲ್ಲ, ಬೆನ್ನು ತಿರುಗಿಸುತ್ತಾರೆ.

ಕುಂಥುನಾಥರ ತುಟಿ ಅಂದಿತು: "ಹುಡುಗಿ ಚಲೋ ಮಾಡಿದ್ಲು. ಆದ್ರ ಮಗ್ಗದವರ ಮಗಳು ಇಷ್ಟು ಶಾಣ್ಯಾಕಿ ಅಂದ್ರ ಯಾರು ನಂಬತಾರ? ಮಂದಿ ನಗತಾರ. ಸೌರಭಗ ಕೊಡು."

ಜಿನೇಂದ್ರನ ತುಟಿ ಅಂದಿತು: "ಎಲ್ಲಾರಕಿಂತ ಇಕೀನ ಚಲೋ ಕಾಕಾ." ಆಮೇಲೆ ನೆಲ ನೋಡಿ, "ಆತು ಬಿಡ್ರಿ. ತಂಗಿ ಪಾರ್ಟಿಗೆ ಇರಲಿ. ಎದುರಿಗೆ ಹೇಳೂದು ಬ್ಯಾಡ, ಫೋನ್ ಮಾಡತೇನಿ."

ಸಾಯಲಿಗೆ ಸಿಟ್ಟು ನೆತ್ತಿಗೇರಿತು. ಕಾಕಾನ ಮಾತು ಹೊಸದೇನಲ್ಲ; ಅಂಥದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದಳು. ನೋವಾದದ್ದು ಜಿನೇಂದ್ರನ 'ಆತು ಬಿಡ್ರಿ'ಗೆ. ಒಪ್ಪಿಕೊಂಡೂ ಕೈಬಿಟ್ಟನಲ್ಲ ಎಂದು ಕಣ್ಣು ಉರಿಯಿತು. ಅಳುವ ಪೈಕಿ ಅಲ್ಲವಾದ್ದರಿಂದ ಕೂತಲ್ಲೇ ಕೂತಿದ್ದಳು.

ಟ್ರ್ಯಾಕ್ಟರ್ ಹೋಯಿತು. ಜಿನೇಂದ್ರ ನಗು ಅಂಟಿಸಿಕೊಂಡು ಬಂದ. "ಭಾಳ ಛಂದ ಆತ್ರಿ. ವಿಚಾರ ಮಾಡಿ ಫೋನ್ ಮಾಡತೇವಿ."

"ಫೋನ್ ಯಾಕ್ರಿ ಸರ್, ಎದುರಿಗೆ ಅದೀನಲ್ಲ. ಎಲ್ಲಾರಕಿಂತ ಇಕೀನ ಚಲೋ ಅಂದ್ರಿ, ಮತ್ತ ಆತು ಬಿಡ್ರಿ ಅಂದ್ರಿ. ಎರಡ್ರಾಗ ಖರೇ ಯಾವುದು?"

ಜಿನೇಂದ್ರನ ನಗು ಉದುರಿಹೋಯಿತು. ಕುಂಥುನಾಥರು ಎದ್ದೇ ಬಂದರು. "ಮೈಕ್ ಚಾಲು ಇಟ್ಟಿದ್ಯೇನೋ?" ಎಂದು ಅಣ್ಣನ ಮಗನನ್ನು ಗದರಿದರು. ಅವನು ಅಂಗಿಗೆ ಸಿಕ್ಕಿಸಿದ್ದ ಮೈಕ್ ಬಿಚ್ಚಿ ನೋಡಿದ, ಅದು ಬಂದ್ ಆಗಿತ್ತು.

ದೈವಶಕ್ತಿ ಎಂದು ಒಂದು ಸುಳ್ಳು ಬಿಟ್ಟಿದ್ದರೂ ಆ ಹೊತ್ತಿಗೆ ನಡೆಯುತ್ತಿತ್ತು. ಸಾಯಲಿಗೆ ಅದು ಬೇಡವಾಗಿತ್ತು. ತನಗೆ ತಿಳಿದದ್ದು ಹೇಗೆ ತಿಳಿಯಿತೆಂದು ಹೇಳಬಲ್ಲವನಲ್ಲವೇ ತರ್ಕವೀರ? ಶೆಡ್ಡಿನ ಸದ್ದು, ಅವ್ವನ ತುಟಿ, ತಾನು ಅದನ್ನು ಓದಲು ಕಲಿತದ್ದು ಎಲ್ಲವನ್ನೂ ಬಿಡಿಸಿ ಹೇಳಿದಳು.

ಜಿನೇಂದ್ರ ನೆಲದ ಮೇಲೇ ಕೂತುಬಿಟ್ಟ. "ತಪ್ಪಾತ್ರಿ," ಎಂದ ಮೊದಲು. ಆಮೇಲೆ ತನ್ನಷ್ಟಕ್ಕೇ, "ತರ್ಕವೀರ ಮಗ್ಗದ ಶೆಡ್ಡಿನ್ಯಾಗ ಬೆಳದಾಕಿ. ಅದಕ್ಕ ಮಾತು ಕಡಿಮಿ. ಅದಕ್ಕ ಮಂದೀ ಬಾಯಿ ನೋಡತಾಳ. ಇಷ್ಟು ದಿನಾ ನಾ ಬರದದ್ದು ಬರೇ ಕನ್ನಡಕ ಹಾಕ್ಕೊಂಡ ಸಿಟ್ಟು," ಎಂದು ನಕ್ಕ. "ಕಾಕಾ, ಪಾರ್ಟ್ ಇವ್ರದ. ಇನ್ನ ಆತು ಬಿಡ್ರಿ ಅನ್ನೂದಿಲ್ಲ."

ಕುಂಥುನಾಥರು ಅಷ್ಟು ಸುಲಭಕ್ಕೆ ಕರಗುವ ಬೆಲ್ಲವಲ್ಲ. "ನೀ ಶಾಣ್ಯಾಕಿ ಖರೆ ತಂಗಿ. ಆದ್ರ ಮಂದಿ ನಂಬಬೇಕಲ್ಲ? ಥೇಟರಿನ್ಯಾಗ ನಂಬಲಿಲ್ಲಂದ್ರ ನಂದೆಲ್ಲಾ ಮುಳಗತೈತಿ." ಅವರು ಜಿನೇಂದ್ರನನ್ನು ರಟ್ಟೆ ಹಿಡಿದೆಬ್ಬಿಸಿ ಮತ್ತೆ ಆಚೆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ನಿಂತು, ಏನೋ ಹೇಳುವ ಮುಂಚೆ, ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಸಾಯಲಿ ಜೋರಾಗಿ ನಕ್ಕಳು. "ಕಾಕಾರೀ, ಬಾಯಿ ಯಾಕ ಮುಚ್ಚಿಕೊಂಡ್ರಿ?"

ಟವೆಲು ಅಲ್ಲೇ ನಿಂತಿತು.

"ಮಗ್ಗದವರ ಮಗಳನ್ನ ಯಾರೂ ನಂಬೂದಿಲ್ಲಂದ್ರ ಅದನ್ನ ಮುಚ್ಚಿಕೊಳ್ಳೂ ಕೆಲಸ ಇರಲಿಲ್ಲ. ಎಲ್ಲಾರಕಿಂತ ಗಟ್ಟಿ ಆಸಾಮಿ ನೀವು; ನೀವ ನಂಬಿದ ಮ್ಯಾಲ ಥೇಟರಿನ ಮಂದೀದೇನ್ರಿ?"

ಕುಂಥುನಾಥರು ಟವೆಲು ಇಳಿಸಿದರು. ಅವಳ ಕಡೆ ಮುಖ ಮಾಡಿ, ದನಿಯಿಲ್ಲದೆ ತುಟಿ ಆಡಿಸಿದರು. ಪಕ್ಕದಲ್ಲೇ ಇದ್ದ ಜಿನೇಂದ್ರನಿಗೆ ಏನೂ ತಿಳಿಯಲಿಲ್ಲ.

"ಕಾಕಾ ಏನಂದ್ರು ಹೇಳ್ರಿ?" ಎಂದು ಗಾಬರಿಯಿಂದ ಸಾಯಲಿಯನ್ನೇ ಕೇಳಿದ.

"'ತರ್ಕವೀರನ ಪಾರ್ಟ್ ನಿಂದೇ' ಅಂದ್ರು," ಎಂದಳು ಸಾಯಲಿ.